ಹದಿನೆಂಟು ವರ್ಷದ ಎಚ್ಚರ

ನಮ್ಮ ಮನೆಯಲ್ಲಿ ಹದಿನೆಂಟು ವರ್ಷಗಳಿಂದ ಯಾರೂ ಮಲಗಿರಲಿಲ್ಲ. ನಮ್ಮ ಮನೆಯಲ್ಲಿ ಮಾತ್ರವಲ್ಲ, ಧಾರವಾಡದ ಯಾವ ಮನೆಯಲ್ಲಿಯೂ ಆ ಪದ್ಧತಿ ಉಳಿದಿರಲಿಲ್ಲ. ಹೊಸ ಮನೆ ಕಟ್ಟಿಸುವವರು ಮಲಗುವ ಕೋಣೆಯನ್ನು ನಕ್ಷೆಯಿಂದ ತೆಗೆದು ಆ ಜಾಗದಲ್ಲಿ ಇನ್ನೊಂದು ಓದುವ ಕೋಣೆ ಹಾಕಿಸಿದರು. ಮಂಚಗಳು ಮೊದಲು ಅಟ್ಟ ಸೇರಿದವು, ಆಮೇಲೆ ಒಲೆ ಸೇರಿದವು. ಮಧ್ಯಾಹ್ನ ಬಾಗಿಲು ಮುಚ್ಚುತ್ತಿದ್ದ ಗುಡಿಗಳು ಮುಚ್ಚುವುದನ್ನು ಬಿಟ್ಟವು. ಪೂಜಾರಿಗೆ ವಿಶ್ರಾಂತಿ ಬೇಡವಾದ ಮೇಲೆ ದೇವರಿಗೂ ಬೇಡವೆಂದಾಯಿತು.

ಇದಕ್ಕೆಲ್ಲ ಕಾರಣವಾದ ಯಂತ್ರವನ್ನು ಮಾಡಿದ ಐವರಲ್ಲಿ ನಾನೊಬ್ಬ.

ಯಂತ್ರ ಬಹಳ ಸರಳವಾದದ್ದು. ದಿನವಿಡೀ ದುಡಿದ ಮಿದುಳಿನಲ್ಲಿ ಒಂದು ಬಗೆಯ ಕಸ ಸೇರುತ್ತದೆ. ದಣಿವೆಂದು ನಾವು ಹೇಳುವುದು ಅದನ್ನೇ. ನಿದ್ರೆಯಲ್ಲಿ ಮಿದುಳಿನ ಸಂದುಗಳು ತುಸು ಅಗಲವಾಗುತ್ತವೆ. ತಿಳಿನೀರಿನಂಥ ಒಂದು ದ್ರವ ಅಲ್ಲಿ ಹರಿದು ಕಸವನ್ನು ತೊಳೆದುಕೊಂಡು ಹೋಗುತ್ತದೆ. ಏಳು ತಾಸು ಹಿಡಿಯುವ ಈ ಕೆಲಸವನ್ನು ಹೊರಗಿನಿಂದ ಸಣ್ಣ ಮಿಡಿತ ಕೊಟ್ಟು ನಲವತ್ತು ನಿಮಿಷದಲ್ಲಿ ಮುಗಿಸಬಹುದೇ? ಇಷ್ಟೇ ನಮ್ಮ ಪ್ರಶ್ನೆ. ಆಗುತ್ತದೆಂದು ತೋರಿಸಿದೆವು. ತಲೆಯಿಂದ ಹೆಗಲವರೆಗೆ ಇಳಿಯುವ ಆ ಮೆತ್ತನೆಯ ಹೊದಿಕೆಗೆ ನಾವು ಉದ್ದನೆಯ ಹೆಸರಿಟ್ಟಿದ್ದೆವು. ಜನ ಅದನ್ನು ನೋಡಿ, ಎಳೆಗೂಸಿನ ತಲೆಗೆ ಕಟ್ಟುವ ಕುಂಚಿಗೆಯ ಹಾಗಿದೆ ಎಂದು ಕುಂಚಿಗೆ ಎಂದೇ ಕರೆದರು. ಅದನ್ನು ಹಾಕಿಕೊಂಡು ಕುಳಿತೇ ಓದಬಹುದಿತ್ತು, ಬರೆಯಬಹುದಿತ್ತು. ಒಂದು ಜನ್ಮದಲ್ಲಿ ಒಂದೂವರೆ ಜನ್ಮದ ಕೆಲಸ ಎಂದು ನಾನೇ ಒಂದು ಸಭೆಯಲ್ಲಿ ಹೇಳಿದ್ದೆ. ಜನ ಬಹಳ ಹೊತ್ತು ಚಪ್ಪಾಳೆ ತಟ್ಟಿದ್ದರು.

ನನ್ನ ಹೆಂಡತಿ ದಾಕ್ಷಾಯಣಿ ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದಳು. ಕುಂಚಿಗೆ ಬಂದಾಗ ಅವಳಿಗೆ ಎರಡು ಪದವಿಗಳಿದ್ದವು. ಮುಂದೆ ಇನ್ನೂ ಐದು ಆದವು. ಊರಿಗೆಲ್ಲ ಹಾಗೆಯೇ ಇತ್ತು. ಹಾಲು ಹಾಕುವವನು ಖಗೋಳಶಾಸ್ತ್ರದ ಪರೀಕ್ಷೆಗೆ ಕೂಡುತ್ತಿದ್ದ. ಅರವತ್ತಕ್ಕೆ ನಿವೃತ್ತಿ ಎನ್ನುವ ಮಾತು ಬೈಗುಳದಂತೆ ಕೇಳುತ್ತಿತ್ತು. ನಮ್ಮ ಮಗಳು ನೀಲಾಂಬಿಕೆಗೆ ಮೂರು ವರ್ಷವಾದಾಗ ಕುಂಚಿಗೆ ಹಾಕಿಸಿದೆವು. ದೊಡ್ಡವರು ಮಲಗಿದ್ದನ್ನು ಕಂಡ ನೆನಪು ಅವಳಿಗಿಲ್ಲ.

ಏಳನೆಯ ಪದವಿಯ ಕಾಗದ ಬಂದ ದಿನ ದಾಕ್ಷಾಯಣಿ ಅದನ್ನು ಗೋಡೆಗೆ ಹಾಕಿಸಲಿಲ್ಲ. ಊಟಕ್ಕೆ ಕುಳಿತಾಗ ಕೇಳಿದಳು: "ಅಲ್ರಿ, ನಿಮಗ ಬೆಳಗ ಆಗೂದು ನೆನಪೈತೇನ್ರಿ?"

"ದಿನಾ ಆಗ್ತೈತಲ್ಲ."

"ಹೊರಗ ಆಗ್ತೈತ್ರಿ, ನಮಗ ಆಗೂದಿಲ್ಲ. ಸಣ್ಣಾಕಿದ್ದಾಗ ನಾವು ನವಲಗುಂದದಾಗ ಮಾಳಿಗಿ ಮ್ಯಾಲ ಮಲಗ್ತಿದ್ವಿ. ಎದ್ದ ಕೂಡ್ಲೆ ಒಂದ್ ಗಳಿಗಿ ನಾ ಯಾರು, ಎಲ್ಲದೀನಿ ಅನ್ನೂದ ಗೊತ್ತಾಗ್ತಿದ್ದಿಲ್ಲ. ತಂಪನ್ನ ಗಾಳಿ ಬೀಸ್ತಿತ್ತು. ನಿನ್ನಿ ಆಡಿದ ಜಗಳ, ಅಭ್ಯಾಸ, ಅಂಜಿಕಿ ಎಲ್ಲಾ ಆಮ್ಯಾಲ ಒಂದೊಂದ ಬರ್ತಿದ್ವು. ಈಗ ನಿನ್ನಿದು ನಿನ್ನಿಗೆ ಮುಗಿಯೂದ ಇಲ್ಲ ನೋಡ್ರಿ. ಹದಿನೇಳು ವರ್ಷದಿಂದ ಒಂದ ದಿನ ನಡದೈತಿ."

ನಾನು ಏನು ಹೇಳಿದೆನೆಂದು ಹೇಳಲು ನಾಚಿಕೆಯಾಗುತ್ತದೆ. ಎದ್ದ ಕೂಡಲೇ ಆಗುವ ಆ ಮಬ್ಬಿಗೂ ಒಂದು ಶಾಸ್ತ್ರೀಯ ಹೆಸರಿದೆಯೆಂದು ಅವಳಿಗೆ ತಿಳಿಸಿ ಹೇಳಿದೆ.

ಎಂಟನೆಯ ಪದವಿಯ ಅರ್ಜಿಯನ್ನು ಅವಳು ತುಂಬಲಿಲ್ಲ. ಹಳೆಯ ಸೀರೆಗಳನ್ನು ತುಂಡು ಮಾಡಿ ಕೌದಿ ಹೊಲಿಯಲು ಕುಳಿತಳು. ನೀಲಾಳಿಗೆ ಅಚ್ಚರಿಯಾಯಿತು.

"ಅವ್ವಾ, ಟೇಬಲ್ ಮ್ಯಾಲ ಹಾಸೂವು ಅಂಗಡ್ಯಾಗ ಸಿಗ್ತಾವಲ್ಲ."

"ಇದು ಹಾಸೂದಲ್ಲವಾ, ಹೊದ್ಕೊಳ್ಳೂದು."

"ಹೊದ್ಕೊಂಡು ಏನ್ ಮಾಡೂದು?"

ದಾಕ್ಷಾಯಣಿ ಸೂಜಿ ನಿಲ್ಲಿಸಿ ಮಗಳ ಮುಖ ನೋಡಿದಳು.

ಕೌದಿ ಮುಗಿದ ಮೇಲೆ ಅದನ್ನು ಹೊದ್ದು ನೆಲದ ಮೇಲೆ ಎಷ್ಟೋ ಹೊತ್ತು ಕಣ್ಣು ಮುಚ್ಚಿಕೊಂಡು ಇರುತ್ತಿದ್ದಳು. ನಿದ್ರೆ ಬರಲಿಲ್ಲ. ಬರುವಂತೆಯೂ ಇರಲಿಲ್ಲ. ಬಹಳ ವರ್ಷ ಕುಂಚಿಗೆ ಹಾಕಿದ ಮೇಲೆ, ನಿದ್ರೆಯನ್ನು ಕರೆಯುವ ಮಿದುಳಿನ ಒಂದು ಸಣ್ಣ ಗಂಟು ಬತ್ತಿಹೋಗುತ್ತದೆ. ಇದನ್ನು ಮೊದಲು ಕಂಡವನೂ ನಾನೇ. ಅದರಿಂದ ತೊಂದರೆಯಿಲ್ಲವೆಂದು ಬರೆದವನೂ ನಾನೇ.

ಮರುವರ್ಷ ಅವಳ ಹೃದಯ ಕೆಟ್ಟಿತು. ಆಸ್ಪತ್ರೆಯಲ್ಲಿ ಅವಳ ಪಕ್ಕದಲ್ಲಿ ಕುಳಿತೇ ನಾನು ಒಂದು ವರದಿಯನ್ನು ತಿದ್ದುತ್ತಿದ್ದೆ. ಅವಳು ನನ್ನ ಕೈಯ ಕಾಗದದ ಮೇಲೆ ಕೈಯಿಟ್ಟಳು.

"ನಮ್ಮವ್ವ ತೀರಿದ ಮ್ಯಾಲ ನನ್ನ ಕನಸಿನಾಗ ಬರ್ತಿದ್ಲು. ಬಂದು, ಎಣ್ಣಿ ಹಚ್ಗೊಂಡಿಯಿಲ್ಲೋ ಅಂತ ಬೈತಿದ್ಲು. ನನಗೂ ಬರೂ ಆಸೆ ಐತ್ರಿ. ಆದ್ರ ನೀವು ಮಲಗೂದ ಇಲ್ಲಲ್ಲ. ನಾ ಎಲ್ಲಿಗೆ ಬರ್ಲಿ?"

"ಹುಚ್ಚಿ, ಸುಮ್ನಿರು."

"ಸುಮ್ನ ಇರ್ತೀನಿ. ನಮ್ಮ ಮಂದಿ ಹೋದಮ್ಯಾಲೂ ಕೂಡ್ರಸ್ತಾರ. ಜೀವ ಇರೂತನಕ ಕುಂತ ಓದೀನಿ. ನಡುವ ಒಂದೀಟು ಅಡ್ಡಾಗಾಕ ಬಿಡ್ರಿ ಮಾರಾಯ್ರ." ಹೀಗೆಂದು ನಕ್ಕಳು. ಎರಡು ದಿನಕ್ಕೆ ಲಿಂಗೈಕ್ಯಳಾದಳು.

ನಮ್ಮಲ್ಲಿ ಸತ್ತವರನ್ನು ಮಲಗಿಸುವುದಿಲ್ಲ. ಪದ್ಮಾಸನ ಹಾಕಿಸಿ, ಎಡಗೈಯಲ್ಲಿ ಇಷ್ಟಲಿಂಗವನ್ನಿಟ್ಟು, ಸಮಾಧಿಯ ಗೂಡಿನಲ್ಲಿ ವಿಭೂತಿಯ ನಡುವೆ ಕೂಡ್ರಿಸಿ ಮಣ್ಣು ಕೊಡುತ್ತೇವೆ. ಅದು ಶಿವನಲ್ಲಿ ಒಂದಾಗುವ ಆಸನ. ಅದರಲ್ಲಿ ನನಗೆ ಪೂರ್ಣ ನಂಬಿಕೆಯಿದೆ. ಆದರೂ ಆ ಗೂಡಿನಲ್ಲಿ ಅವಳು ಬೆನ್ನು ನೆಟ್ಟಗೆ ಮಾಡಿ ಕುಳಿತದ್ದನ್ನು ಕಂಡಾಗ, ಇನ್ನೊಂದು ಪರೀಕ್ಷೆಗೆ ಕುಳಿತಂತೆ ಕಂಡಳು. ಆ ದಿನದಿಂದ ನನ್ನ ಎದೆಯಲ್ಲಿ ಒಂದೇ ಆಸೆ ಉಳಿಯಿತು. ಒಂದು ಸಲ ಮಲಗಬೇಕು. ಅವಳು ಬರಲು ಜಾಗ ಮಾಡಬೇಕು.

ಮನೆಯವರು ತೀರಿದ ದುಃಖ ಎಲ್ಲರಿಗೂ ಬರುತ್ತದೆ. ಆದರೆ ಹಿಂದಿನವರ ದುಃಖಕ್ಕೆ ರಾತ್ರಿಗೊಮ್ಮೆ ತಡೆಯಿತ್ತು. ನಮಗೆ ಅದು ಗಡಿಯಾರದ ಮುಳ್ಳಿನ ಹಾಗೆ ನಿಲ್ಲದೆ ನಡೆಯುತ್ತದೆ.

ಐದು ತಿಂಗಳು ಹಾಗೆಯೇ ಕಳೆದು, ಊರ ಹೊರಗಿನ ಸಂಶೋಧನಾಲಯಕ್ಕೆ ಹೋದೆ. ಅಲ್ಲಿಯ ಮುಖ್ಯಸ್ಥ ಮೆಹಬೂಬ ನದಾಫ ನನ್ನ ಶಿಷ್ಯ. ಅವರ ಮನೆತನದವರು ಹತ್ತಿ ಹಿಂಜಿ ಗಾದಿ ತುಂಬುವವರು. ಕುಂಚಿಗೆ ಬಂದ ಮೇಲೆ ಅವನ ತಂದೆಯ ಕಸುಬು ನಿಂತುಹೋಯಿತು. ಅದೇ ವರ್ಷ ಮಗನಿಗೆ ನಮ್ಮಲ್ಲಿ ಕೆಲಸ ಸಿಕ್ಕಿತು. "ಸರ, ಮನ್ಯಾಗ ಅಪ್ಪ ನಿಮ್ಮನ್ನ ಬೈತಾನ, ನಾ ನಿಮ್ಮ ಫೋಟೋಕ್ಕ ಕೈ ಮುಗೀತೀನಿ" ಎಂದು ಅವನು ನಗಿಸುತ್ತಿದ್ದ.

ನಿಯಂತ್ರಣ ಕೋಣೆಯ ಗೋಡೆಯ ತುಂಬ ಹಸಿರು ದೀಪಗಳಿದ್ದವು. ಊರಿನ ಒಂದೊಂದು ಕುಂಚಿಗೆಗೆ ಒಂದೊಂದು ದೀಪ. ಎರಡು ದಿನ ಯಾರಾದರೂ ಕುಂಚಿಗೆ ಹಾಕದಿದ್ದರೆ ಅವರ ದೀಪ ಕೆಂಪಾಗುತ್ತಿತ್ತು. ಕುಂಚಿಗೆ ಬಿಟ್ಟು ಮಲಗಬೇಕೆಂಬ ನನ್ನ ಮಾತು ಕೇಳಿ ನದಾಫ ಕುರ್ಚಿಯಿಂದ ಎದ್ದು ನಿಂತ.

"ಅರವತ್ತು ದಾಟಿದವರು ಎಪ್ಪತ್ತೊಂದು ಮಂದಿ ಪ್ರಯತ್ನ ಮಾಡ್ಯಾರ್ರಿ. ಹತ್ತೊಂಬತ್ತು ಮಂದಿಗೆ ನಿದ್ದಿ ಬಂತು. ಉಳಿದವರನ್ನ ವಾಪಸ್ ಕುಂಚಿಗ್ಯಾಗ ತಂದ್ವಿ. ಅಷ್ಟ್ರಾಗ ಅವರದು ಮೊದ್ಲ ಹೋಗಿದ್ದು ಏನಂತ ನಿಮಗ ಗೊತ್ತೈತಿ."

ಗೊತ್ತಿತ್ತು. ಕಸ ತುಂಬಿದ ಮಿದುಳು ಮೊದಲು ಮುಖಗಳನ್ನು ಮರೆಯುತ್ತದೆ. ಮರೆತ ಮುಖ ತಿರುಗಿ ಬರುವುದಿಲ್ಲ. ಫೋಟೋ ತೋರಿಸಿದರೂ ಅದು ಯಾರೋ ಬೇರೆಯವರದೆಂದು ಅನ್ನಿಸುತ್ತದೆ.

"ಸರ, ಅಕ್ಕಾರ್ನ ನೋಡಾಕ ಹೋಗಿ ಅಕ್ಕಾರ್ನ ಕಳಕೊಂಡ್ ಬಂದ್ರ?" ಅವನು ದಾಕ್ಷಾಯಣಿಯ ಶಾಲೆಯಲ್ಲಿ ಕಲಿತವನು. ಅವಳನ್ನು ಕೊನೆಯವರೆಗೂ ಅಕ್ಕಾರೆಂದೇ ಕರೆದ.

"ಅಕ್ಕಾರು ಬರ್ತೀನಂತ ಹೇಳ್ಯಾರಪ್ಪ. ಬಾಗಿಲಾ ಹಾಕ್ಕೊಂಡು ಹೆಂಗ ಕುಂದರ್ಲಿ?"

ಅವನು ಗೋಡೆಯಲ್ಲಿ ನನ್ನ ದೀಪವನ್ನು ಹುಡುಕಿ ಅದರ ಮೇಲೆ ಬೆರಳಿಟ್ಟ. ಕೊನೆಗೆ ಒಂದು ಗಡುವು ಹಾಕಿದ. ಹನ್ನೆರಡನೆಯ ದಿನದ ಮಧ್ಯಾಹ್ನಕ್ಕೆ ನಿದ್ರೆ ಬರದಿದ್ದರೆ ಅವನೇ ಬಂದು ನನಗೆ ಕುಂಚಿಗೆ ಹಾಕುವವನು. ಅದಕ್ಕೆ ನಾನು ಒಪ್ಪಿದೆ. ಮರುದಿನ ಅವನು ತನ್ನ ತಂದೆ ಕೈಯಾರೆ ತುಂಬಿದ ಒಂದು ಹಳೆಯ ಗಾದಿಯನ್ನು ಹೊತ್ತು ತಂದು ನನ್ನ ಓದುವ ಕೋಣೆಯಲ್ಲಿ ಹಾಸಿದ. "ಅಪ್ಪ ಇದೊಂದನ್ನ ಮಾರಿದ್ದಿಲ್ರಿ" ಎಂದ.

ಮೊದಲ ಮೂರು ದಿನ ಏನೂ ಆಗಲಿಲ್ಲ. ನಾಲ್ಕನೆಯ ದಿನದಿಂದ ಕಣ್ಣುಗಳಲ್ಲಿ ಮರಳು ಸುರಿದಂತಾಯಿತು. ಹದಿನೆಂಟು ವರ್ಷಗಳ ನಂತರ ನನಗೆ ದಣಿವಾಯಿತು. ಅದು ಇಷ್ಟು ಭಾರವೆಂದು ಮರೆತಿದ್ದೆ.

ನಾನು ಜೀವಮಾನವೆಲ್ಲ ಹೇಗೆ ಕೆಲಸ ಮಾಡಿದ್ದೆನೋ ಹಾಗೆಯೇ ಮಲಗಲು ಹೊರಟೆ. ನಿದ್ರೆಯ ಮೇಲಿನ ಹಳೆಯ ಗ್ರಂಥಗಳನ್ನು ತರಿಸಿದೆ. ಒಂದು ವೇಳಾಪಟ್ಟಿ ಬರೆದು ಗೋಡೆಗೆ ಅಂಟಿಸಿದೆ. ಬೆಳಿಗ್ಗೆ ಹತ್ತರಿಂದ ಹನ್ನೊಂದರವರೆಗೆ ಎಡಮಗ್ಗುಲು, ಮಧ್ಯಾಹ್ನ ಎರಡರಿಂದ ಬಲಮಗ್ಗುಲು. ನಾಡಿ ಎಣಿಸಿದೆ, ಉಸಿರು ಎಣಿಸಿದೆ, ಎಲ್ಲವನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಪ್ರತಿ ಸಲ ರೆಪ್ಪೆ ಭಾರವಾದಾಗ 'ಈಗ ಬಂತು' ಎಂದು ಬರೆಯಲು ಏಳುತ್ತಿದ್ದೆ. ಅದು ಹೋಗುತ್ತಿತ್ತು.

ಎಂಟನೆಯ ದಿನ ನೀಲಾ ಬಾಗಿಲಲ್ಲಿ ನಿಂತು ನೋಟ್‌ಬುಕ್ಕನ್ನೂ ಗೋಡೆಯ ಪಟ್ಟಿಯನ್ನೂ ನೋಡಿದಳು. ಅವಳಿಗೆ ಅಳುವಷ್ಟು ಸಿಟ್ಟು ಬಂದಿತ್ತು.

"ಅಪ್ಪಾ, ಏನಿದು? ನಿದ್ದಿಗೂ ಪರೀಕ್ಷಾಕ್ಕ ಕುಂತಿಯೇನು?"

"ಕ್ರಮ ಬೇಕವಾ."

"ಅವ್ವ ಇದ್ದಿದ್ರ ಆ ಪಟ್ಟಿ ಹರಿದು ಒಲಿಗೆ ಹಾಕ್ತಿದ್ಲು. ನೀ ಅಕೀಗೆ ಭೇಟಿ ಆಗೂ ವ್ಯಾಳೇನೂ ಬರದಿಟ್ಟಿ ನೋಡು, ಎರಡರಿಂದ ಮೂರು." ಅವಳು ನನ್ನ ಹಾಸಿಗೆಯ ಅಂಚಿನಲ್ಲಿ ಕುಳಿತಳು. "ನನಗ ಅಂಜಿಕಿ ಬರಾಕತ್ತೈತಿ ಅಪ್ಪಾ. ಅವ್ವ ಹ್ವಾದ್ಲು. ಇನ್ನ ನೀ ನನ್ನ ಮಾರಿ ಮರತ್ರ, ನಾ ಯಾರ್ ಮನ್ಯಾಗ ಇರ್ಲಿ?"

ಈ ಮಾತನ್ನು ನಾನು ಯೋಚಿಸಿಯೇ ಇರಲಿಲ್ಲ. ನನ್ನ ಹಂಬಲದ ಬೆಲೆಯನ್ನು ಅವಳೂ ಕೊಡಬೇಕಾಗಿತ್ತು. ಪಟ್ಟಿಯನ್ನು ಹರಿದೆ. ನೋಟ್‌ಬುಕ್ಕನ್ನು ಅವಳ ಕೈಗೆ ಕೊಟ್ಟೆ. ಆದರೂ ನಿದ್ರೆ ಬರಲಿಲ್ಲ.

ಹನ್ನೊಂದನೆಯ ದಿನ ಗೋಡೆಯ ಮೇಲಿನ ಫೋಟೋದಲ್ಲಿ ಒಬ್ಬ ಹೆಂಗಸನ್ನು ಕಂಡೆ. ಹಣೆಯಲ್ಲಿ ವಿಭೂತಿ, ಇಳಕಲ್ ಸೀರೆ, ತುಟಿಯ ಒಂದು ಮೂಲೆಯಲ್ಲಿ ನಗೆ. ಇವರು ಯಾರ ಮನೆಯವರೋ, ಇಲ್ಲಿ ಏಕೆ ಹಾಕಿದ್ದಾರೆ ಎಂದು ಯೋಚಿಸಿದೆ. ಎಷ್ಟು ಹೊತ್ತು ಹಾಗೆ ನಿಂತಿದ್ದೆನೋ ತಿಳಿಯದು. ಆಮೇಲೆ ಒಮ್ಮೆಲೆ ದಾಕ್ಷಾಯಣಿಯ ಗುರುತು ಸಿಕ್ಕಿತು. ನಾನೇ ನದಾಫನಿಗೆ ಫೋನು ಮಾಡಿ, ನಾಳೆ ಕುಂಚಿಗೆ ತರಲು ಹೇಳಿದೆ. ಸೋತೆನೆಂದು ಒಪ್ಪಿಕೊಂಡೆ. ಕನಸಿನಲ್ಲಿ ಬರುತ್ತಾಳೋ ಇಲ್ಲವೋ, ಇದ್ದ ಮುಖವಾದರೂ ಉಳಿಯಲಿ ಎಂದುಕೊಂಡೆ.

ಹನ್ನೆರಡನೆಯ ದಿನ ಬೆಳಿಗ್ಗೆ ಸ್ನಾನ ಮಾಡಿ ಪೂಜೆಗೆ ಕುಳಿತೆ. ಕುಂಚಿಗೆ ಬಂದಾಗಿನಿಂದ ನನ್ನ ಪೂಜೆ ಐದು ನಿಮಿಷಕ್ಕೆ ಇಳಿದಿತ್ತು. ದುಡಿಯುವುದೇ ದೇವರ ಸೇವೆಯಲ್ಲವೇ ಎಂದು ಮನಸ್ಸಿಗೆ ಸಮಾಧಾನ ಹೇಳುತ್ತಿದ್ದೆ. ದಾಕ್ಷಾಯಣಿ ಮಾತ್ರ ಒಂದು ತಾಸು ಕೂಡುತ್ತಿದ್ದಳು. ಅಷ್ಟು ಹೊತ್ತು ಏನು ಬೇಡಿಕೊಳ್ಳುತ್ತೀ ಎಂದು ಕೇಳಿದರೆ, "ಬೇಡೂದೇನ್ರಿ? ಸುಮ್ನ ಅವನ ಮುಂದ ಇರ್ತೀನಿ" ಎನ್ನುತ್ತಿದ್ದಳು.

ಕೊರಳ ಕರಡಿಗೆಯಿಂದ ಲಿಂಗವನ್ನು ತೆಗೆದು ಎಡಗೈಯಲ್ಲಿ ಇಟ್ಟುಕೊಂಡೆ. ಕೈ ನಡುಗುತ್ತಿತ್ತು. ಕೈಯಿಂದ ಲಿಂಗ ನೆಲಕ್ಕೆ ಬಿದ್ದರೆ ಅದಕ್ಕಿಂತ ದೊಡ್ಡ ತಪ್ಪು ನಮ್ಮಲ್ಲಿಲ್ಲ. ನೀಲಾ ಇದನ್ನು ಕಂಡು ಎದುರಿಗೆ ಬಂದು ಕುಳಿತಳು. ತನ್ನೆರಡೂ ಕೈಗಳನ್ನು ಬೊಗಸೆ ಮಾಡಿ ನನ್ನ ಕೈಯ ಕೆಳಗೆ ಹಿಡಿದಳು.

"ನೀ ಪೂಜಿ ಮಾಡು ಅಪ್ಪಾ. ನಾ ಹಿಡಿದೀನಿ."

ಲಿಂಗವನ್ನು ನೋಡುತ್ತ ಕುಳಿತೆ. ಬೇಡಿಕೊಳ್ಳಬೇಕೆಂದು ಮನಸ್ಸು ಮಾಡಿದೆ. ಏನನ್ನು ಬೇಡುವುದೋ ತಿಳಿಯಲಿಲ್ಲ. ಮುಖ ಬೇಕೆನ್ನಲೇ, ನಿದ್ರೆ ಬೇಕೆನ್ನಲೇ? ನನ್ನ ಕೈಯ ಭಾರ ಮಗಳ ಕೈಗಳಿಗೆ ಇಳಿಯಿತು. ಹೊರಗೆ ಯಾರೋ ಅಂಗಳ ಗುಡಿಸುವ ಸಪ್ಪಳ. ಲಿಂಗದ ಮೇಲೆ ಕಿಟಕಿಯ ಬೆಳಕು ಒಂದು ಎಳ್ಳಿನಷ್ಟು ಹೊಳೆಯುತ್ತಿತ್ತು. ಸುಮ್ಮನೆ ಅವನ ಮುಂದೆ ಇದ್ದೆ.

ಮುಂದಿನದನ್ನು ಮಗಳಿಂದ ಕೇಳಿ ತಿಳಿದದ್ದು.

ನನ್ನ ತಲೆ ಎದೆಯ ಮೇಲೆ ಬಿತ್ತಂತೆ. ಕೈ ಸಡಿಲಾಗಿ ಲಿಂಗ ಜಾರಿ ಅವಳ ಬೊಗಸೆಗೆ ಬಿತ್ತಂತೆ. ನಾನು ಒಂದು ಮಗ್ಗುಲಿಗೆ ವಾಲಿ ನೆಲಕ್ಕೊರಗಿದೆ. ಅವಳು ಲಿಂಗವನ್ನು ಕಣ್ಣಿಗೊತ್ತಿಕೊಂಡು ಕರಡಿಗೆಯಲ್ಲಿಟ್ಟು ನನ್ನ ಕೊರಳಿಗೆ ಕಟ್ಟಿದಳು. ಆಮೇಲೆ ನನ್ನ ಮುಖ ನೋಡಿದಳು. ಬಾಯಿ ತೆರೆದಿತ್ತು, ಕಣ್ಣುಗುಡ್ಡೆ ರೆಪ್ಪೆಯೊಳಗೆ ಹೊರಳಿತ್ತು. ಕೂಗಿದರೆ ಓಗೊಡಲಿಲ್ಲ. ಅಂಥ ಸ್ಥಿತಿಯಲ್ಲಿ ಅವಳು ಕಂಡಿದ್ದು ತನ್ನ ತಾಯಿಯನ್ನು ಮಾತ್ರ. ನದಾಫನಿಗೆ ಫೋನು ಮಾಡಿ, "ಅಣ್ಣಾ, ಅಪ್ಪಾನೂ ಹ್ವಾದಾ" ಎಂದು ಅತ್ತಳಂತೆ.

ಅವನು ಕುಂಚಿಗೆಯನ್ನು ಬಗಲಲ್ಲಿಟ್ಟುಕೊಂಡೇ ಓಡಿ ಬಂದ. ಬಾಗಿಲಲ್ಲಿಯೇ ನಿಂತು ಕಿವಿಗೊಟ್ಟ.

"ನೀಲವ್ವಾ, ಇದೇನ್ ಸಪ್ಪಳ?"

"ಅದ ಅಣ್ಣಾ, ಉಸರ ಸಿಕ್ಕೊಂಡಂಗ..."

"ತಂಗೀ, ಇದಕ್ಕ ಗೊರಕಿ ಅಂತಾರ." ಹೀಗೆಂದು ಅವನು ಹೊಸ್ತಿಲ ಮೇಲೆ ಕುಳಿತುಬಿಟ್ಟ. ನಗುತ್ತಿದ್ದನೋ ಅಳುತ್ತಿದ್ದನೋ ಅವಳಿಗೆ ತಿಳಿಯಲಿಲ್ಲವಂತೆ. ಇಬ್ಬರೂ ಸೇರಿ ನನ್ನನ್ನು ಗಾದಿಯ ಮೇಲೆ ಮಲಗಿಸಿದರು. ನೀಲಾ ಒಳಗೆ ಹೋಗಿ ತನ್ನ ಓದುವ ಟೇಬಲಿನ ಮೇಲೆ ಹಾಸಿದ್ದ ತಾಯಿಯ ಕೌದಿಯನ್ನು ಎಳೆದು ತಂದಳು.

ನಾನು ಎಚ್ಚರವಾದಾಗ ಕಿಟಕಿಯಲ್ಲಿ ತೆಳ್ಳಗೆ ಬೆಳಕಿತ್ತು. ತಂಪು ಗಾಳಿ ಬೀಸುತ್ತಿತ್ತು. ಮೈಮೇಲೆ ಹಳೆಯ ಸೀರೆಗಳ ವಾಸನೆ ಇತ್ತು. ನಾನು ಯಾರು, ಎಲ್ಲಿದ್ದೇನೆ ಎಂಬುದು ತಿಳಿದಿರಲಿಲ್ಲ. ತಿಳಿಯಬೇಕೆಂಬ ಅವಸರವೂ ಇರಲಿಲ್ಲ. ಅಡುಗೆಮನೆಯಲ್ಲಿ ರೊಟ್ಟಿ ಬಡಿಯುವ ಸಪ್ಪಳ ಕೇಳುತ್ತಿತ್ತು. ಟಪ್, ಟಪ್, ಟಪ್.

"ದಾಕ್ಷಾಯಣಿ," ಎಂದೆ, "ಒಂದೀಟು ನೀರ ತಾರ."

ಸಪ್ಪಳ ನಿಂತಿತು.

ಆಗ ಒಂದೊಂದೇ ನೆನಪಾಯಿತು. ಆಸ್ಪತ್ರೆ, ಗೂಡು, ವಿಭೂತಿ, ಐದು ತಿಂಗಳು. ಎಲ್ಲವೂ ತಮ್ಮ ತಮ್ಮ ಜಾಗಕ್ಕೆ ಬಂದು ಕುಳಿತವು. ಅವುಗಳ ಜೊತೆಗೆ ಅವಳ ಮುಖವೂ ಬಂತು. ಎಲ್ಲಿಯೂ ಮಸುಕಾಗಿರಲಿಲ್ಲ. ತುಟಿಯ ಮೂಲೆಯ ನಗೆ ಸಹಿತ ಇತ್ತು.

ನೀಲಾ ಹಿಟ್ಟಿನ ಕೈಯಲ್ಲಿ ನೀರಿನ ಚರಿಗೆ ಹಿಡಿದು ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ರೊಟ್ಟಿ ಬಡಿಯಲು ಬಾರದು. ಇಪ್ಪತ್ತು ತಾಸು ನನ್ನ ಪಕ್ಕದಲ್ಲಿ ಕುಳಿತು ಕುಳಿತು, ಅಪ್ಪ ಎದ್ದರೆ ಹಸಿದಿರುತ್ತಾನೆಂದು ತಾಯಿ ರೊಟ್ಟಿ ಬಡಿಯುತ್ತಿದ್ದ ಮರದ ಕೊಣಮಿಗೆಯಲ್ಲಿ ಹಿಟ್ಟು ಕಲಸಿದ್ದಳು. ನದಾಫ ಹಿಂದಿನ ಸಂಜೆಯೇ ಮನೆಗೆ ಹೋಗಿದ್ದ. ದಾಖಲೆಗೆ ಬೇಕೆಂದು ಒಂದು ಪ್ರಶ್ನೆಯನ್ನು ಅವಳಿಗೆ ಹೇಳಿ ಹೋಗಿದ್ದ.

"ಕನಸ ಬಿದ್ದಿತ್ತೇನಂತ ಕೇಳ್ಯಾನ, ಅಪ್ಪಾ."

"ಇಲ್ಲವಾ. ಏನೂ ಬೀಳಲಿಲ್ಲ."

ಅವಳ ಮುಖ ಬಾಡಿತು. "ಹಂಗಾರ ಅವ್ವ ಬರಲಿಲ್ಲ."

ನಾನು ನೀರು ಕುಡಿದೆ. ಚರಿಗೆಯನ್ನು ಗಾದಿಯ ಪಕ್ಕಕ್ಕೆ ಇಟ್ಟೆ. "ಎದ್ದಾಗ ಮನ್ಯಾಗ ಇದ್ಲವಾ," ಎಂದೆ. "ಅಡಗಿ ಮನ್ಯಾಗ. ನಾ ನೀರ ಕೇಳಿದೆ."

"ಎಷ್ಟ್ ಹೊತ್ತು ಇದ್ಲು?"

ಆ ಹೊತ್ತನ್ನು ನಾನು ಅಳೆದಿರಲಿಲ್ಲ.

ನೀಲಾ ಕೈಯ ಹಿಟ್ಟನ್ನು ಸೆರಗಿಗೆ ಒರೆಸಿಕೊಂಡಳು. ಏಳೂವರೆಗೆ ಅವಳಿಗೆ ಪರೀಕ್ಷೆಯಿತ್ತು. ಐದನೆಯ ಪದವಿಯ ಕೊನೆಯ ಪತ್ರಿಕೆ. ಟೇಬಲಿನ ಮೇಲೆ ಅವಳ ಕುಂಚಿಗೆ ಇತ್ತು, ನದಾಫ ನನಗಾಗಿ ತಂದ ಕುಂಚಿಗೆಯೂ ಇತ್ತು. ಅವಳು ಒಮ್ಮೆ ಅತ್ತ ನೋಡಿದಳು. ಆಮೇಲೆ ಗಾದಿಯ ಹತ್ತಿರ ಬಂದು, ಬಾವಿಯ ನೀರಿಗಿಳಿಯುವವರಂತೆ ಒಂದು ಕೈಯೂರಿ ನಿಧಾನವಾಗಿ ಅಡ್ಡಾದಳು. ಕೌದಿಯ ಅಂಚನ್ನು ಗದ್ದದವರೆಗೆ ಎಳೆದುಕೊಂಡಳು.

"ಈಗ ಏನ್ ಮಾಡ್ಬೇಕು, ಅಪ್ಪಾ?"

ಅವಳ ತಲೆಯ ಮೇಲೆ ಕೈಯಿಟ್ಟೆ. ಹದಿನೆಂಟು ವರ್ಷದಿಂದ ಅವಳಿಗೆ ಮಾಡಬೇಕಾದ್ದನ್ನೇ ಹೇಳುತ್ತ ಬಂದಿದ್ದೆ.

"ಏನೂ ಮಾಡಬ್ಯಾಡ," ಎಂದೆ. "ನಾ ಇಲ್ಲೇ ಇರ್ತೀನಿ."